ಮರೆಸಿದ್ದಲ್ಲ, ಮರೆತದ್ದು

ನಮ್ಮ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಗಂಟೊಂದಿತ್ತು. ಬೆಳಗಾವಿ ಕಡೆಯ ಹಳ್ಳಿಮನೆ ನಮ್ಮದು. ದೀಪಾವಳಿಗೆ ಅಟ್ಟ ಗುಡಿಸುವಾಗ ಆ ಗಂಟನ್ನು ಇಳಿಸಿ, ದೂಳು ಕೊಡವಿ, ಕುಂಕುಮ ಹಚ್ಚಿ ಮತ್ತೆ ಮೇಲಿಡುತ್ತಿದ್ದರು. ಅದರಲ್ಲೇನಿದೆ ಎಂದು ಹುಡುಗರು ಕೇಳಿದರೆ ಕಾಕಾನ ಉತ್ತರ ಒಂದೇ: "ಅದು ಗುಪ್ತ ಲಿಪಿ ಐತಿ. ಮುತ್ಯಾ ಬರದಿಟ್ಟಾನ. ಯಾರಿಗೂ ಓದಾಕ ಬರೂದಿಲ್ಲ." ಅಜ್ಜಿ ಅದನ್ನು ಮಂತ್ರವೆಂದು ನಂಬಿದ್ದಳು. ಊರಲ್ಲಿ ಕೆಲವರು ನಿಧಿಯ ನಕ್ಷೆ ಎನ್ನುತ್ತಿದ್ದರು.

ಪಿಎಚ್‌.ಡಿ.ಗೆ ಸೇರಿದ ಎರಡನೆಯ ವರ್ಷ ಆ ಗಂಟಿನ ನಾಲ್ಕು ಹಾಳೆಗಳ ಫೋಟೊ ತೆಗೆದುಕೊಂಡು ಪಕ್ಕದ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರ ಬಳಿ ಹೋದೆ. ಅವರು ಕನ್ನಡಕ ಸರಿಮಾಡಿಕೊಂಡು, ಚಹಾ ಆರುವುದರೊಳಗೆ ಮೊದಲ ಹಾಳೆ ಓದಿ ಮುಗಿಸಿದರು. ಮೋಡಿ ಲಿಪಿ, ಮರಾಠಿ ಭಾಷೆ. ಜೋಳದ ಲೆಕ್ಕ, ಎತ್ತಿಗೆ ಮಾಡಿದ ಸಾಲ, ಆಮೇಲೆ ಒಂದು ಬಾವಿ. ಅದು ನಮ್ಮ ಹೊಲದ ಬಾವಿ. ಅದನ್ನು ತೋಡಿಸಲು ಖರ್ಚಿನ ಅರ್ಧವನ್ನು ಪಕ್ಕದ ಹೊಲದ ಮನೆಯವರು ಕೊಟ್ಟಿದ್ದಾರೆ, ಆದ್ದರಿಂದ ನೀರಿನಲ್ಲಿ ಅವರಿಗೆ ಸಮಪಾಲು ಎಂದು ಮೂರನೆಯ ಹಾಳೆಯಲ್ಲಿ ಬರೆದಿತ್ತು. ಆ ಮನೆಯವರಿಗೆ ಆ ಬಾವಿಯ ನೀರು ಸಿಗದೆ ಎರಡು ತಲೆಮಾರಾಗಿದೆ.

ಊರಿಗೆ ಬಂದು ಕಾಕಾನಿಗೆ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳೇ ಕಾಗದಕ್ಕ ಏನ ಕಿಮ್ಮತ್ತ ಐತಿ? ನೀ ಸುಮ್ಕ ಕಟ್ಟಿ ಇಡು" ಅಂದ. ಈಗ ಆ ಗಂಟು ಅಟ್ಟದ ಮೇಲಿಲ್ಲ. ಕಾಕಾನ ಟ್ರಂಕಿನಲ್ಲಿದೆ, ಟ್ರಂಕಿಗೆ ಬೀಗವಿದೆ.

ಗುಪ್ತ ಲಿಪಿ ಎಂದು ನಾವು ಇಷ್ಟು ವರ್ಷ ಕುಂಕುಮ ಹಚ್ಚಿದ ಆ ಕಾಗದದಲ್ಲಿ ಗುಪ್ತವಾದದ್ದು ಏನೂ ಇರಲಿಲ್ಲ. ಬರೆದವನು ನಾಲ್ಕು ಜನ ಓದಲಿ, ನಾಳೆ ತಕರಾರು ಬರದಿರಲಿ ಎಂದೇ ಬರೆದಿದ್ದ. ನಮಗೆ ಓದುವುದು ಮರೆತುಹೋಗಿತ್ತು, ಅಷ್ಟೆ. ಅದು ನಿಜಕ್ಕೂ ಗುಪ್ತವಾದದ್ದು ಓದಿಸಿದ ಮೇಲೆ, ಬೀಗ ಬಿದ್ದ ದಿನ.

ಈ ವ್ಯತ್ಯಾಸ ನಮ್ಮ ಇಂದಿನ ಕನ್ನಡದಲ್ಲಿ ಅಳಿಸಿಹೋಗುತ್ತಿದೆ ಎಂಬುದು ನನ್ನ ತಕರಾರು. ಬೇಕೆಂದೇ ಮುಚ್ಚಿಟ್ಟದ್ದಕ್ಕೂ, ನಾವೇ ಮರೆತು ಕಳೆದುಕೊಂಡದ್ದಕ್ಕೂ, ಯಾರೂ ಮುಚ್ಚಿಡದೆ ನಮಗೆ ಕಷ್ಟವಾದದ್ದಕ್ಕೂ ನಾವೀಗ ಒಂದೇ ಪದ ಬಳಸುತ್ತೇವೆ: ಡಿಕೋಡ್. ಸ್ವಲ್ಪ ಗಂಭೀರವಾಗಿ ಬರೆಯಬೇಕೆನಿಸಿದರೆ 'ರಹಸ್ಯ ಭೇದಿಸುವುದು'. ಶಾಸನ ಓದಿದವನು ರಹಸ್ಯ ಭೇದಿಸುತ್ತಾನೆ. ವಚನಕ್ಕೆ ಅರ್ಥ ಹೇಳಿದವಳು ಡಿಕೋಡ್ ಮಾಡುತ್ತಾಳೆ. ಸಿನಿಮಾದ ಟ್ರೇಲರ್‌ನಿಂದ ಹಿಡಿದು ಬಜೆಟ್ಟಿನವರೆಗೆ ಎಲ್ಲವೂ ಡಿಕೋಡ್ ಆಗುತ್ತಿದೆ. ಒಂದು ಪದದ ಫ್ಯಾಷನ್ ಬಗ್ಗೆ ಇಷ್ಟು ಸಿಟ್ಟೇಕೆ ಎಂದು ಕೇಳಬಹುದು. ಈ ಪದ ನಮ್ಮ ಮರೆವನ್ನು ಬೇರೆ ಯಾರದೋ ಗುಟ್ಟಾಗಿ ತೋರಿಸುತ್ತದೆ. ಮಾಡಬೇಕಾದ ಕೆಲಸದಿಂದ ನಮ್ಮನ್ನು ಪಾರುಮಾಡುತ್ತದೆ. ಆ ಖಾಲಿ ಜಾಗದಲ್ಲಿ ಬಾಯಿಗೆ ಬಂದದ್ದು ಹೇಳುವವರಿಗೆ ಕುರ್ಚಿ ಹಾಕಿ ಕೊಡುತ್ತದೆ.

*

ಗುಪ್ತ ಬರಹವನ್ನು ಬಿಡಿಸುವುದಕ್ಕೆ ಇಂಗ್ಲಿಷಿನಲ್ಲಿರುವ ಪದ 'ಡಿಸೈಫರ್'. ಇದರ ಹುಟ್ಟಿನ ಕಥೆ ಈಗ ಬಹಳ ಜನಪ್ರಿಯವಾಗಿದೆ, ಅದರಲ್ಲೂ ನಮ್ಮ ದೇಶದಲ್ಲಿ. ಕಥೆ ಹೀಗಿದೆ: ಸಂಸ್ಕೃತದ 'ಶೂನ್ಯ' ಅರಬ್ಬಿಗೆ ಹೋಗಿ 'ಸಿಫ್ರ್' ಆಯಿತು. ಅದು ಲ್ಯಾಟಿನ್ನಿಗೆ ಹೋಗಿ 'ಸಿಫ್ರಾ' ಆಯಿತು. 1202ರಲ್ಲಿ ಫಿಬೊನಾಚಿ ತನ್ನ ಲೆಕ್ಕದ ಪುಸ್ತಕದಲ್ಲಿ ಅದನ್ನೇ 'ಜೆಫಿರಮ್' ಎಂದು ಬರೆದ. ಆ ರೂಪ ಇಟಲಿಯಲ್ಲಿ ಸವೆದು 'ಜೀರೊ' ಆಯಿತು. ಇನ್ನೊಂದು ಕವಲು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು 'ಸೈಫರ್' ಆಯಿತು. ಸೈಫರ್ ಎಂದರೆ ಮೊದಲು ಸೊನ್ನೆ, ಆಮೇಲೆ ಯಾವುದೇ ಅಂಕಿ, ಹದಿನಾರನೆಯ ಶತಮಾನದ ಹೊತ್ತಿಗೆ ಗುಪ್ತ ಬರಹ. ಜರ್ಮನ್ನಿನಲ್ಲಿ 'ಜಿಫರ್' ಎಂದರೆ ಇವತ್ತಿಗೂ ಅಂಕಿಯೇ. ಇಷ್ಟು ಸರಿ, ವಾದವಿಲ್ಲ.

ಇಲ್ಲಿಂದ ಮುಂದೆ ವಾಟ್ಸಾಪ್ ಶುರುವಾಗುತ್ತದೆ. ಶೂನ್ಯ ನಮ್ಮದು, ಆದ್ದರಿಂದ ಸೈಫರ್ ನಮ್ಮದು, ಆದ್ದರಿಂದ ಗುಪ್ತಲಿಪಿಯ ವಿದ್ಯೆಯನ್ನೇ ಜಗತ್ತಿಗೆ ಕೊಟ್ಟವರು ನಾವು! ಸಾಹಿತ್ಯದ ವಿಚಾರ ಸಂಕಿರಣಗಳಲ್ಲೂ ಇದನ್ನು ನಾನು ಕೇಳಿದ್ದೇನೆ, ಚಪ್ಪಾಳೆಯ ಸಮೇತ.

ಪದ ಬಂದ ದಾರಿಯೇ ವಿದ್ಯೆ ಬಂದ ದಾರಿ ಎಂದುಕೊಳ್ಳುವವರು ಆ ದಾರಿಯನ್ನೇ ಸರಿಯಾಗಿ ನೋಡಿಲ್ಲ. ಅರಬ್ಬರು ನಮ್ಮ 'ಶೂನ್ಯ' ಎಂಬ ಉಲಿಯನ್ನು ಒಯ್ಯಲಿಲ್ಲ. ಶೂನ್ಯ ಎಂದರೆ ಬರಿದು ಎಂದು ತಿಳಿದುಕೊಂಡು, ಬರಿದು ಎಂಬುದಕ್ಕೆ ತಮ್ಮಲ್ಲಿದ್ದ 'ಸಿಫ್ರ್' ಎಂಬ ಮಾತನ್ನು ಹಾಕಿಕೊಂಡರು. ಅದು ಸಾಲವಲ್ಲ, ಅನುವಾದ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗುಪ್ತ ಬರಹವನ್ನು ಬಿಡಿಸುವ ಶಾಸ್ತ್ರವನ್ನು ಕಟ್ಟಿದ ಅರಬ್ಬರು ಆ ಶಾಸ್ತ್ರಕ್ಕೆ ಸಿಫ್ರ್ ಎಂಬ ಪದವನ್ನು ಬಳಸಲೇ ಇಲ್ಲ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಅಲ್-ಕಿಂದಿ ಬರೆದ ಗ್ರಂಥದ ಹೆಸರಿನಲ್ಲಿರುವುದು 'ಇಸ್ತಿಖ್ರಾಜ್ ಅಲ್-ಮುಅಮ್ಮಾ'. ಮುಅಮ್ಮಾ ಎಂದರೆ ಕುರುಡು ಮಾಡಿಟ್ಟದ್ದು, ಕಾಣದಂತೆ ಮಾಡಿದ್ದು. ಇಸ್ತಿಖ್ರಾಜ್ ಎಂದರೆ ಹೊರತೆಗೆಯುವುದು. ಸೊನ್ನೆಯ ಪದಕ್ಕೂ ಗುಟ್ಟಿಗೂ ಗಂಟು ಬಿದ್ದದ್ದು ಆಮೇಲೆ, ಯುರೋಪಿನಲ್ಲಿ.

ಹೊಸ ಅಂಕಿಗಳನ್ನು ಕಂಡರೆ ಅಲ್ಲಿ ಅನುಮಾನವಿತ್ತು. 1299ರಲ್ಲಿ ಫ್ಲಾರೆನ್ಸಿನ ಹಣವಿನಿಮಯಗಾರರ ಸಂಘ ತನ್ನ ಸದಸ್ಯರು ಲೆಕ್ಕದ ಪುಸ್ತಕದಲ್ಲಿ ಈ ಅಂಕಿಗಳನ್ನು ಬಳಸಕೂಡದೆಂದು ಕಟ್ಟಳೆ ಮಾಡಿತು. ಆಮೇಲೆ ಅರಸರ ರಾಯಭಾರಿಗಳು ಅಕ್ಷರಗಳ ಬದಲಿಗೆ ಅಂಕಿ, ಚಿಹ್ನೆಗಳನ್ನಿಟ್ಟು ಪತ್ರ ಬರೆಯತೊಡಗಿದರು. ಅಂಕಿಯ ಹೆಸರು ಗುಟ್ಟಿನ ಹೆಸರಾಯಿತು. ಆ ಹೊಸ ಅರ್ಥವನ್ನು ಹೊತ್ತು ಅದೇ ಪದ ಫ್ರೆಂಚಿನಿಂದ ಮತ್ತೆ ಅರಬ್ಬಿಗೆ 'ಶಿಫ್ರಾ' ಆಗಿ ಮರಳಿತು. ತವರುಮನೆಗೆ ಬಂದ ಮಗಳ ಗುರುತು ತವರಿಗೇ ಸಿಗದ ಹಾಗೆ.

ಹಾಗಾದರೆ ನಮ್ಮಲ್ಲಿ ಗುಪ್ತ ಬರಹ ಇರಲಿಲ್ಲವೆ? ಇತ್ತು. ಅರ್ಥಶಾಸ್ತ್ರದಲ್ಲಿ ಗೂಢಚಾರರ ಸುದ್ದಿ ಸಾಗಿಸಲು 'ಸಂಜ್ಞಾಲಿಪಿ' ಇದೆ. ಕಾಮಸೂತ್ರದ 64 ಕಲೆಗಳ ಪಟ್ಟಿಯಲ್ಲಿ 'ಮ್ಲೇಚ್ಛಿತ ವಿಕಲ್ಪ' ಇದೆ. ಅಕ್ಷರಗಳನ್ನು ಅದಲುಬದಲು ಮಾಡುವ ಬಗೆಯನ್ನು ಯಶೋಧರನ ಜಯಮಂಗಲಾ ವ್ಯಾಖ್ಯಾನ ವಿವರಿಸುತ್ತದೆ. ಆದರೆ ಇವಕ್ಕೂ ಶೂನ್ಯ ಸೈಫರ್ ಆದ ಕಥೆಗೂ ಸಂಬಂಧವಿಲ್ಲ. ಎರಡು ನಿಜಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಓಡಿಸಿದರೆ ಅದು ಮೂರನೆಯ ನಿಜವಾಗುವುದಿಲ್ಲ, ಸುಳ್ಳಾಗುತ್ತದೆ. ಪದದ ಮೂಲ ಹುಡುಕುವುದು ಆಸ್ತಿಯ ಪಹಣಿ ತೆಗೆಸುವ ಕೆಲಸವಲ್ಲ.

*

ಇನ್ನು ನಿಜವಾದ ಗುಟ್ಟಿನ ವಿಷಯ. ದನದ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ನೋಡಿದವರಿಗೆ ಇದು ಗೊತ್ತು. ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಇನ್ನೊಬ್ಬನ ಬೆರಳು ಹಿಡಿದು ದರ ಹೇಳುತ್ತಾನೆ. ಸುತ್ತ ಇಪ್ಪತ್ತು ಜನ ನಿಂತಿದ್ದರೂ ತಿಳಿಯುವುದು ಇಬ್ಬರಿಗೆ. ಗುಟ್ಟಿಗೆ ಬೇಕಾದ ಎಲ್ಲವೂ ಅಲ್ಲಿದೆ. ಹೇಳುವವನಿದ್ದಾನೆ, ಕೇಳುವವನಿದ್ದಾನೆ, ಕೇಳಬಾರದ ಮೂರನೆಯವನಿದ್ದಾನೆ, ಇಬ್ಬರ ನಡುವೆ ಮೊದಲೇ ಆದ ಒಂದು ಒಪ್ಪಂದವಿದೆ. ಮಕ್ಕಳು ಪ್ರತಿ ಅಕ್ಷರಕ್ಕೂ 'ಕ' ಸೇರಿಸಿ ದೊಡ್ಡವರೆದುರೇ ಗುಟ್ಟು ಮಾತಾಡುವ 'ಕ ಭಾಷೆ'ಯಲ್ಲೂ ಇಷ್ಟೇ ಇರುವುದು.

ಅಲ್-ಕಿಂದಿ ಕಂಡುಕೊಂಡದ್ದು ಆ ಮೂರನೆಯವನ ಉಪಾಯವನ್ನು. ಯಾವುದೇ ಭಾಷೆಯಲ್ಲಿ ಕೆಲವು ಅಕ್ಷರಗಳು ಹೆಚ್ಚು ಬರುತ್ತವೆ, ಕೆಲವು ಕಡಿಮೆ. ಅಕ್ಷರದ ವೇಷ ಬದಲಿಸಬಹುದು, ಅದು ಮತ್ತೆ ಮತ್ತೆ ಬರುವ ಲೆಕ್ಕವನ್ನು ಅಷ್ಟು ಸುಲಭದಲ್ಲಿ ಬದಲಿಸಲಾಗದು. ಮೊದಲು ಆ ಭಾಷೆಯ ಸಾದಾ ಬರಹವೊಂದನ್ನು ತೆಗೆದುಕೊಂಡು ಎಣಿಸು, ಆಮೇಲೆ ಗುಪ್ತ ಬರಹದ ಚಿಹ್ನೆಗಳನ್ನು ಎಣಿಸು, ಎರಡನ್ನೂ ಪಕ್ಕಪಕ್ಕ ಇಡು. ಬುದ್ಧಿವಂತಿಕೆಗಿಂತ ಹೆಚ್ಚಾಗಿ ಇದಕ್ಕೆ ಬೇಕಾದದ್ದು ತಾಳ್ಮೆ, ಭಾಷೆಯ ಪರಿಚಯ, ತುಂಬ ಬರಹ.

ಗುಟ್ಟಿನ ಬರಹಕ್ಕೆ 'ಡಿಸೈಫರ್' ಪದ ಒಪ್ಪುತ್ತದೆ. ತೊಂದರೆ ಶುರುವಾಗುವುದು ಅದೇ ಪದವನ್ನು ಹಳೆಯ ಲಿಪಿಗಳಿಗೂ ಹಚ್ಚಿದಾಗ. ಅಶೋಕನ ಶಾಸನಗಳಲ್ಲಿ ಕೇಳಬಾರದ ಮೂರನೆಯವನು ಯಾರು? ಧೌಲಿ, ಜೌಗಡದ ಶಾಸನಗಳಲ್ಲಿ ಇದನ್ನು ತಿಷ್ಯ ನಕ್ಷತ್ರದ ದಿನ ಎಲ್ಲರಿಗೂ ಓದಿ ಕೇಳಿಸಬೇಕು ಎಂದೇ ಬರೆದಿದೆ. ಬಂಡೆಯ ಮೇಲೆ, ದಾರಿಯ ಪಕ್ಕದಲ್ಲಿ, ಜನರಾಡುವ ಪ್ರಾಕೃತದಲ್ಲಿ ಬರೆಸಿದ್ದಕ್ಕಿಂತ ಬಹಿರಂಗವಾದದ್ದು ಇನ್ನೇನಿದ್ದೀತು? ಆದರೂ ಅದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ತಿಳಿಯದ ಬರಹವಾಯಿತು. ಅಶೋಕನೇನೂ ಅದನ್ನು ಬಚ್ಚಿಡಲಿಲ್ಲ.

ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ತೋಪ್ರಾದಿಂದ ಅಶೋಕನ ಕಂಬವೊಂದನ್ನು ದೆಹಲಿಗೆ ತರಿಸಿ ನಿಲ್ಲಿಸಿದ. ಮೇಲಿನ ಬರಹ ಓದಲು ಪಂಡಿತರನ್ನು ಕರೆಸಿದ. ಯಾರಿಗೂ ಓದಲಾಗಲಿಲ್ಲ. ಮುಂದಿನದನ್ನು ಚರಿತ್ರಕಾರ ಅಫೀಫ್ ಬರೆದಿಟ್ಟಿದ್ದಾನೆ. ಕೆಲವರು ಮುಂದೆ ಬಂದು, ಫಿರೋಜ್ ಎಂಬ ಸುಲ್ತಾನ ಹುಟ್ಟುವವರೆಗೆ ಈ ಕಂಬವನ್ನು ಯಾರೂ ಕದಲಿಸಲಾರರು ಎಂದು ಇದರಲ್ಲಿ ಬರೆದಿದೆ ಎಂದರಂತೆ! ಓದಲು ಬಾರದವರ ಮುಂದೆ ಓದಲು ಬಾರದವರೇ ನಿಂತು ಅಧಿಕಾರಕ್ಕೆ ಬೇಕಾದ ಅರ್ಥವನ್ನು ಕೊಟ್ಟರು. ಕಂಬದ ಮೇಲೆ ನಿಜಕ್ಕೂ ಇದ್ದದ್ದು ಭವಿಷ್ಯವಲ್ಲ. ದಾರಿಯಲ್ಲಿ ನೆರಳಿಗೆ ಆಲದ ಮರ ನೆಡಿಸಿದ್ದು, ಮಾವಿನ ತೋಪು ಬೆಳೆಸಿದ್ದು, ಬಾವಿ ತೋಡಿಸಿದ್ದು, ಯಾವ ಯಾವ ಪ್ರಾಣಿಯನ್ನು ಕೊಲ್ಲಬಾರದೆಂಬುದು. ನಮ್ಮ ಮುತ್ಯಾನ ಕಾಗದದ ಹಾಗೆ ಅಲ್ಲೂ ಒಂದು ಬಾವಿಯ ಮಾತಿತ್ತು, ಅದನ್ನು ಕೇಳುವ ಬದಲು ಎಲ್ಲರೂ ಪವಾಡ ಕೇಳಿದರು.

ಕೊನೆಗೆ ಆ ಲಿಪಿ ತೆರೆದದ್ದು 1837ರಲ್ಲಿ, ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಕೈಯಲ್ಲಿ. ಅವನು ಯಾವ ರಹಸ್ಯವನ್ನೂ ಭೇದಿಸಲಿಲ್ಲ. ಸಾಂಚಿಯ ಕಲ್ಲುಗಳ ಮೇಲಿನ ಪುಟ್ಟ ಪುಟ್ಟ ಬರಹಗಳ ಪ್ರತಿಗಳನ್ನು ಜೋಡಿಸುತ್ತಿದ್ದಾಗ ಬಹುಪಾಲು ಎಲ್ಲವೂ ಅದೇ ಎರಡು ಅಕ್ಷರಗಳಿಂದ ಮುಗಿಯುವುದನ್ನು ಕಂಡ. ಗುಡಿಗಳಲ್ಲಿ ಭಕ್ತರು ಕಾಣಿಕೆ ಕೊಟ್ಟು ಹೆಸರು ಬರೆಸುವುದು ಅವನಿಗೆ ಗೊತ್ತಿತ್ತು. ಇವೂ ಹಾಗೇ ಇರಬಹುದೇ ಎಂದುಕೊಂಡ. ಮೊದಲ ಅಕ್ಷರದ ದೀರ್ಘ, ಕೊನೆಯ ಅಕ್ಷರದ ಪಕ್ಕದ ಚುಕ್ಕೆ ಅವನಿಗೆ ದಾರಿ ತೋರಿಸಿದವು: 'ದಾನಂ'. ಇಂಥವರು ಕೊಟ್ಟ ದಾನ. ಆ ದ, ಆ ನ ಹಿಡಿದುಕೊಂಡು ಉಳಿದ ಅಕ್ಷರಗಳನ್ನು ಒಂದೊಂದಾಗಿ ಓದಿದ.

ಆ ಕೊನೆಯ ಚುಕ್ಕೆ ಅನುಸ್ವಾರ. ನಮ್ಮ ಲಿಪಿಯಲ್ಲಿ ಅದೇ ಬೆಳೆದು ದುಂಡಗಾಗಿದೆ. ನಾವು ಅದನ್ನು ಕರೆಯುವುದು 'ಸೊನ್ನೆ' ಎಂದು. ಶೂನ್ಯವೇ ಪ್ರಾಕೃತದಲ್ಲಿ ಸವೆದು ನಮಗೆ ಬಂದ ಸೊನ್ನೆ, ಲೆಕ್ಕದಲ್ಲೂ ಅಕ್ಷರದಲ್ಲೂ ಇರುವ ಸೊನ್ನೆ. ಸೈಫರ್ ಪದದ ಬಗ್ಗೆ ಹೆಮ್ಮೆ ಪಡಲೇಬೇಕೆಂದಿದ್ದರೆ ಇದನ್ನು ನೆನೆಯಬಹುದು. ಮುಚ್ಚಿಡುವ ಕಲೆಗೆ ಯುರೋಪಿನಲ್ಲಿ ಹೆಸರು ಕೊಟ್ಟ ಸೊನ್ನೆ, ಮರೆತ ಲಿಪಿಯನ್ನು ತೆರೆಯುವಲ್ಲಿ ಇಲ್ಲಿ ಕೈಹಿಡಿಯಿತು.

*

ಮರೆತುಹೋಗುವುದಕ್ಕೂ ಮುಚ್ಚಿಹೋಗುವುದಕ್ಕೂ ಕನ್ನಡದಲ್ಲಿ ಒಂದೇ ಬೇರು. ಮರೆ ಎಂದರೆ ನೆನಪು ತಪ್ಪು. ಮರೆ ಎಂದರೆ ಅಡ್ಡ ಹಿಡಿದದ್ದು, ಟವೆಲ್ಲಿನ ಮರೆ. ತಮಿಳಿನಲ್ಲಿ ಸ್ವಲ್ಪ ಬೇರೆಯಾಗಿ ಮಱೈ ಎಂದರೆ ಮರೆಯಾಗು, ಮಱ ಎಂದರೆ ಮರೆತುಬಿಡು. ಹಳಗನ್ನಡದಲ್ಲಿ ಇದನ್ನು 'ಮಱೆ' ಎಂದು ಶಕಟರೇಫದಲ್ಲಿ ಬರೆಯುತ್ತಿದ್ದರು. ಸಂಶೋಧನೆಯ ಜೊತೆಗೆ ನಾನು ಪದವಿ ತರಗತಿಗೆ ಪಾಠವನ್ನೂ ಮಾಡುತ್ತೇನೆ. ಒಂದು ದಿನ ಬೋರ್ಡಿನ ಮೇಲೆ ಱ ಬರೆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಇದು ಯಾವ ಕೋಡ್ ಸರ್?" ಎಂದ. ತರಗತಿ ನಕ್ಕಿತು. ನಾನು ನಗಲಿಲ್ಲ. ತನ್ನದೇ ಭಾಷೆಯ ವರ್ಣಮಾಲೆಯಲ್ಲಿ ಶತಮಾನಗಳ ಕಾಲ ಇದ್ದ ಅಕ್ಷರ ಅವನಿಗೆ ಕೋಡ್ ಆಗಿ ಕಂಡಿತು. ತಪ್ಪು ಅವನದಲ್ಲ. ಹಳೆಯದೆಲ್ಲ ರಹಸ್ಯ ಎಂದು ನಾವು ಅವನಿಗೆ ಕಲಿಸಿದ್ದೇವೆ.

ಮೋಡಿಯ ಗತಿಯೂ ಇದೇ. ಬೆಳಗಾವಿ, ಧಾರವಾಡ, ವಿಜಯಪುರದ ಸೀಮೆ ಮುಂಬೈ ಪ್ರಾಂತದಲ್ಲಿದ್ದ ಕಾಲದಲ್ಲಿ ಈ ಲಿಪಿ ಕುಲಕರ್ಣಿಯ ದಫ್ತರದ, ಸಾಲಪತ್ರದ, ಬಾಡಿಗೆ ಚೀಟಿಯ ದಿನನಿತ್ಯದ ಬರಹ. ಕೈ ಎತ್ತದೆ ಬೇಗ ಬೇಗ ಬರೆಯಲು ಮಾಡಿಕೊಂಡ ಲಿಪಿ. ಆದರೆ ಕನ್ನಡದಲ್ಲಿ ಮೋಡಿ ಎಂದರೆ ಮಾಟ, ಮಾಯೆ ಎಂಬ ಅರ್ಥವಿದೆ. ಓದುವವರು ಕಡಿಮೆಯಾದಂತೆ ಲಿಪಿಗೆ ಆ ಅರ್ಥವೇ ಅಂಟಿಕೊಂಡಿತು. ಗುಮಾಸ್ತನ ಕೈಬರಹ ಮಂತ್ರವಾದಿಯ ಕೈಬರಹವಾಯಿತು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ರಹಸ್ಯ ಎಂದರೆ ಕುತೂಹಲ ಹುಟ್ಟುತ್ತದೆ, ಕುತೂಹಲದಿಂದಲಾದರೂ ನಾಲ್ಕು ಜನ ಈ ಕಡೆ ಬರುತ್ತಾರಲ್ಲ ಎಂದು. ಬರುತ್ತಾರೆ, ಒಪ್ಪುತ್ತೇನೆ. ಆದರೆ ಯಾವುದನ್ನು ಹುಡುಕಿಕೊಂಡು ಬರುತ್ತಾರೆ? ರಹಸ್ಯವೆಂದು ಬಂದವನಿಗೆ ಜೋಳದ ಲೆಕ್ಕ ಸಿಕ್ಕರೆ ನಿರಾಸೆಯಾಗುತ್ತದೆ. ಮೈಕೆಲ್ ವೆಂಟ್ರಿಸ್ 1952ರಲ್ಲಿ ಗ್ರೀಸಿನ ಲೀನಿಯರ್ ಬಿ ಲಿಪಿಯನ್ನು ಓದಿದಾಗ ಸಿಕ್ಕಿದ್ದು ಕಾವ್ಯವಲ್ಲ. ಕುರಿ, ಉಣ್ಣೆ, ಧಾನ್ಯ, ರಥದ ಗಾಲಿಗಳ ಲೆಕ್ಕ. ಆ ಲೆಕ್ಕದಿಂದಲೇ ಗ್ರೀಕ್ ಭಾಷೆಯ ಚರಿತ್ರೆ ಶತಮಾನಗಳಷ್ಟು ಹಿಂದಕ್ಕೆ ಸರಿಯಿತು. ಅವನ ಹಿಂದೆ ಆಲಿಸ್ ಕೋಬರ್ ಎಂಬ ವಿದ್ವಾಂಸೆ ವರ್ಷಗಟ್ಟಲೆ ಮಾಡಿದ ಚಿಹ್ನೆಗಳ ಪಟ್ಟಿ, ಹೋಲಿಕೆಯ ಕೆಲಸವಿತ್ತು. ಆಕೆ 1950ರಲ್ಲೇ ತೀರಿಕೊಂಡಿದ್ದಳು. ರಹಸ್ಯ ಭೇದಿಸಿದ ವೀರನ ಕಥೆಯಲ್ಲಿ ಇಂಥ ಪಟ್ಟಿ ಮಾಡಿದವರಿಗೆ ಜಾಗವಿರುವುದಿಲ್ಲ.

ವೆಂಟ್ರಿಸ್‌ನ ಓದು ಸರಿ ಎಂದು ಜಗತ್ತು ಒಪ್ಪಿದ್ದು ಹೇಗೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿ ಹೇಳಬೇಕು. ಅವನು ಓದಿಟ್ಟ ಸಂಕೇತಗಳ ಬೆಲೆಯನ್ನು ತೆಗೆದುಕೊಂಡು, ಅವನು ನೋಡಿಯೇ ಇರದ ಒಂದು ಹೊಸ ಫಲಕವನ್ನು ಉತ್ಖನನ ಮಾಡಿದ ಬ್ಲೇಗನ್ ಓದಿ ನೋಡಿದ. ಮೂರು ಕಾಲಿನ ಪಾತ್ರೆಯ ಚಿತ್ರದ ಪಕ್ಕದಲ್ಲಿ ಮೂರು ಕಾಲಿನ ಪಾತ್ರೆ ಎಂಬ ಪದವೇ ಬಂತು. ಕೀಲಿಕೈ ಬೇರೆಯವರ ಕೈಯಲ್ಲೂ ತಿರುಗಬೇಕು, ಹೊಸ ಬೀಗಕ್ಕೂ ಹೊಂದಬೇಕು. ಓದಿದೆ ಎನ್ನುವ ಯಾರಿಗಾದರೂ ಹಾಕಬೇಕಾದ ಒರೆ ಇದೊಂದೇ.

ಈ ಒರೆಯನ್ನು ಹಿಡಿದು ನಮ್ಮ ಸುತ್ತ ನೋಡಿ. ಸಿಂಧೂ ಲಿಪಿಯ ರಹಸ್ಯ ಭೇದಿಸಿದವರು ವರ್ಷಕ್ಕೊಬ್ಬರಾದರೂ ಹುಟ್ಟುತ್ತಾರೆ. ಒಬ್ಬರಿಗೆ ಅದು ಸಂಸ್ಕೃತ, ಒಬ್ಬರಿಗೆ ತಮಿಳು, ಒಬ್ಬರಿಗೆ ಕನ್ನಡ. ಅಲ್ಲಿ ಸಿಕ್ಕ ಬರಹಗಳ ಸರಾಸರಿ ಉದ್ದ ಐದು ಚಿಹ್ನೆ, ಎರಡು ಭಾಷೆಯಲ್ಲಿ ಬರೆದ ಒಂದೂ ಮುದ್ರೆ ಸಿಕ್ಕಿಲ್ಲ. ಇರಾವತಂ ಮಹದೇವನ್ 1977ರಲ್ಲಿ ಪ್ರಕಟಿಸಿದ ಚಿಹ್ನೆಗಳ ಕೋಶದಂಥ ಕೆಲಸ ನಮ್ಮ ಸುದ್ದಿಯಾಗುವುದಿಲ್ಲ, ಏಕೆಂದರೆ ಅದು ಯಾವ ರಹಸ್ಯವನ್ನೂ ಹೇಳುವುದಿಲ್ಲ, ಎಣಿಸುತ್ತದೆ. 2025ರ ಜನವರಿಯಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಈ ಲಿಪಿಯನ್ನು ಓದಿದವರಿಗೆ 10 ಲಕ್ಷ ಡಾಲರ್ ಬಹುಮಾನ ಘೋಷಿಸಿದರು. ಬಹುಮಾನಕ್ಕೆ ನನ್ನ ವಿರೋಧವಿಲ್ಲ. ಓದಲಾಗದ ಲಿಪಿಗೆ ಕೋಟಿಗಳು, ಓದಬಲ್ಲ ಲಿಪಿಯ ರಾಶಿ ಕಾಗದಗಳನ್ನು ಓದುವವರಿಗೆ ಸಂಬಳವಿಲ್ಲ ಎಂಬುದು ನನ್ನ ನೋವು.

ನಮ್ಮದೇ ಸಿರಿಭೂವಲಯವನ್ನು ತೆಗೆದುಕೊಳ್ಳಿ. ಕುಮುದೇಂದು ಮುನಿಯ ಹೆಸರಿನಲ್ಲಿರುವ, ಅಕ್ಷರಗಳ ಬದಲು 1ರಿಂದ 64ರವರೆಗಿನ ಅಂಕಿಗಳನ್ನು 27ಕ್ಕೆ 27 ಮನೆಗಳ ಚಕ್ರದಲ್ಲಿ ತುಂಬಿದ ಕೃತಿ. ಯಲ್ಲಪ್ಪ ಶಾಸ್ತ್ರಿಗಳು ಬದುಕು ಸವೆಸಿದ ಈ ಕೃತಿ 1953ರಲ್ಲಿ ಅಚ್ಚಾಯಿತು. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಂಕಿಯಲ್ಲಿ ಕಾವ್ಯ ಎಂಬ ಆ ಕಲ್ಪನೆಯೇ ಅಪರೂಪದ್ದು. ಹಾಗಿದ್ದೂ ಅದರ ಸುತ್ತ ನಡೆಯುತ್ತಿರುವ ಮಾತು ಯಾವುದು? 718 ಭಾಷೆಗಳು, ಅಣುವಿಜ್ಞಾನ, ವಿಮಾನ. ಯಾವ ಅಂಕಿಗೆ ಯಾವ ಧ್ವನಿ ಎಂಬ ಪಟ್ಟಿ ಬಹಿರಂಗವಾಗಿದೆ, ಅಂದರೆ ಅದು ಗುಟ್ಟಲ್ಲ. ಒಂದೇ ಚಕ್ರವನ್ನು ಪರಸ್ಪರ ಪರಿಚಯವಿಲ್ಲದ ಇಬ್ಬರಿಗೆ ಕೊಡಿ, ಒಂದೇ ಪಾಠ ಬರುತ್ತದೆಯೇ ನೋಡಿ, ಆ ಭಾಷೆ ಯಾವ ಕಾಲದ ಕನ್ನಡ ಎಂದು ವ್ಯಾಕರಣದಿಂದ ತೂಗಿ. ಅದು ಆ ಕೃತಿಗೆ ಮಾಡುವ ಮರ್ಯಾದೆ. 'ಜಗತ್ತೇ ಭೇದಿಸಲಾಗದ ರಹಸ್ಯ' ಎಂದು ಕೈಮುಗಿಯುವುದು ನಮ್ಮ ಅಜ್ಜಿ ಗಂಟಿಗೆ ಕುಂಕುಮ ಹಚ್ಚಿದ ಹಾಗೆ. ಭಕ್ತಿಯೇನೋ ನಿಜ, ಗಂಟು ಮಾತ್ರ ಬಿಚ್ಚಿಲ್ಲ.

*

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಕವಿತೆಯನ್ನು ಡಿಕೋಡ್ ಮಾಡುವುದೆಂಬ ಮಾತು ನಮ್ಮ ಪ್ರಬಂಧಗಳಲ್ಲಿ ತುಂಬಿಹೋಗಿದೆ, ನನ್ನ ಎಂ.ಎ. ಪ್ರಬಂಧದಲ್ಲೂ ಇತ್ತು. ಗುಪ್ತ ಪತ್ರದಲ್ಲಿ ಸಂದೇಶ ಮೊದಲೇ ಇರುತ್ತದೆ, ಆಮೇಲೆ ಅದಕ್ಕೆ ವೇಷ ಹಾಕುತ್ತಾರೆ. ಬಿಡಿಸಿದ ಮೇಲೆ ವೇಷವನ್ನು ಬಿಸಾಡಬಹುದು. ಅಲ್ಲಮನ ಬೆಡಗಿನ ವಚನವನ್ನು ಹಾಗೆ ಬಿಸಾಡಬಲ್ಲಿರಾ? ಹಳೆಯ ಟೀಕಾಕಾರರೂ ಈ ಪ್ರಾಣಿ ಎಂದರೆ ಮನಸ್ಸು, ಆ ಮರ ಎಂದರೆ ದೇಹ ಎಂಬ ರೀತಿಯಲ್ಲಿ ಸಮೀಕರಣ ಕೊಟ್ಟಿದ್ದಾರೆ. ಆ ಟೀಕೆಯಿಂದ ಉಪಕಾರವಿದೆ. ಆದರೆ ಸಮೀಕರಣ ಗೊತ್ತಾದ ಮೇಲೂ ನಾವು ವಚನಕ್ಕೇ ಮರಳುತ್ತೇವೆ, ಟೀಕೆಗಲ್ಲ. ಮರಳುವಂತೆ ಮಾಡುವುದು ಯಾವುದೋ ಅದು ಕೋಡ್ ಅಲ್ಲ. ಬೆಡಗು ಎಂಬ ನಮ್ಮ ಪದದಲ್ಲೇ ಗುಟ್ಟಿನ ಜೊತೆ ಸೊಬಗೂ ಇದೆ.

ಹಾಗಾದರೆ ಯಾವ ಪದ ಬೇಕು? ಹೊಸದಾಗಿ ಕಟ್ಟಬೇಕಾಗಿಲ್ಲ. ಗುಪ್ತ ಬರಹಕ್ಕೆ ನಮ್ಮಲ್ಲಿ 'ಬಿಡಿಸು' ಇದೆ. ಒಗಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಅವರೆಕಾಳು ಬಿಡಿಸುತ್ತೇವೆ, ಸೆರೆಯಿಂದ ಬಿಡಿಸುತ್ತೇವೆ. ಅರ್ಥವಾಗದವರಿಗೆ ಬಿಡಿಸಿ ಹೇಳುತ್ತೇವೆ. ಭೇದಿಸು ಕೋಟೆಯ ಮೇಲೆ ನುಗ್ಗುವವನ ಮಾತು. ಭೇದಿಸಿದರೆ ವಸ್ತು ಒಡೆಯುತ್ತದೆ. ಬಿಡಿಸಿದರೆ ಒಳಗಿದ್ದದ್ದು ಹಾಳಾಗದೆ ಕೈಗೆ ಬರುತ್ತದೆ. ಮರೆತ ಲಿಪಿಗೆ ಅದೂ ಬೇಡ, 'ಓದು' ಸಾಕು. ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ. ಮಾಸ್ತರರು ಮೋಡಿಯನ್ನು ಓದಿದರು. ಓದು ಎಂದಾಗ ಅದು ಕಲಿಯಬಹುದಾದದ್ದು, ಕಲಿಸಬಹುದಾದದ್ದು ಎಂಬುದು ತಾನೇ ತಿಳಿಯುತ್ತದೆ. ರಹಸ್ಯ ಎಂದಾಗ ಅದಕ್ಕೊಬ್ಬ ಮಹಾಪುರುಷ ಬೇಕಾಗುತ್ತಾನೆ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕೊರೆದ ಚಪಡ ಎಂಬವನು ಕೊನೆಯಲ್ಲಿ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರನಿಂದ' ಎಂಬ ಪದವನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಊರಿನಲ್ಲಿ ಅದು ಯಾರಿಗೂ ತಿಳಿದಿರಲಾರದು. ಗುಟ್ಟು ಮಾಡಿದನೇ? ನನಗೆ ಹಾಗನ್ನಿಸುವುದಿಲ್ಲ. ನನಗೆ ಇದೂ ಬರುತ್ತದೆ ಎಂದ, ಅಷ್ಟೆ. ಎಂದಾದರೂ ಒಬ್ಬ ಓದುಗ ಬಂದಾನು ಎಂಬ ಭರವಸೆಯಿಲ್ಲದೆ ಯಾರೂ ಕಲ್ಲಿನಲ್ಲಿ ಬರೆಯುವುದಿಲ್ಲ.

ಪ್ರತಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಮೋಡಿ, ತಿಗಳಾರಿ, ಹಳೆಯ ಕನ್ನಡ ಕೈಬರಹಗಳನ್ನು ಓದಿಸುವ ಒಂದು ಸೆಮಿಸ್ಟರ್ ಕೇಳುವುದು ದೊಡ್ಡ ಬೇಡಿಕೆಯಲ್ಲ. ಮಾಸ್ತರರಿಗೆ ಈಗ ಎಂಬತ್ತು ದಾಟಿದೆ. ಅವರಿಂದ ಕಲಿಯಲು ಹೋಗುವವರು ಸದ್ಯಕ್ಕೆ ನಾನು, ಇನ್ನಿಬ್ಬರು. ಅವರ ನಂತರ ನಮ್ಮ ಸೀಮೆಯ ಎಷ್ಟು ಅಟ್ಟಗಳ ಎಷ್ಟು ಗಂಟುಗಳು 'ಗುಪ್ತ ಲಿಪಿ' ಆಗುತ್ತವೋ.

ನಾಲ್ಕು ಹಾಳೆಗಳ ಫೋಟೊ ನನ್ನಲ್ಲಿ ಉಳಿದಿದ್ದವು. ಮಾಸ್ತರರು ಓದಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದು, ಕೆಳಗೆ ಕನ್ನಡ ಅರ್ಥ ಬರೆದು, ಕಳೆದ ತಿಂಗಳು ಪಕ್ಕದ ಹೊಲದ ಮನೆಗೆ ಕೊಟ್ಟುಬಂದೆ. ಕಾಕಾ ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ. ಬಾವಿಯ ವಿಷಯ ಏನಾಗುತ್ತದೋ ಗೊತ್ತಿಲ್ಲ, ಅದು ಹಿರಿಯರು ಕೂತು ಮಾತಾಡಬೇಕಾದದ್ದು. ಆ ಮನೆಯ ಕಾಲೇಜು ಓದುವ ಹುಡುಗ ಹಾಳೆಗಳನ್ನು ತಿರುಗಿಸಿ ನೋಡುತ್ತ, "ಅಣ್ಣಾ, ನೀವ ಇದನ್ನ ಡಿಕೋಡ್ ಮಾಡಿದ್ರ?" ಎಂದು ಕೇಳಿದ.

"ಇಲ್ಲೋ ತಮ್ಮಾ," ಅಂದೆ, "ಓದಿಸಿಕೊಂಡ ಬಂದೆ. ನೀನೂ ಬಾ, ಕಲಿಯೂಣು."